ಚಿಲಕವಿಲ್ಲದ ಬಾಗಿಲು

ಆ ಮನೆಯ ಒಳಕೋಣೆಯ ಬಾಗಿಲಿಗೆ ಚಿಲಕ ಇರಲಿಲ್ಲ. ಚಿಲಕ ಕೂರಬೇಕಾದ ಕಡೆ ಸ್ಕ್ರೂ ಕಿತ್ತ ನಾಲ್ಕು ತೂತು ಮಾತ್ರ ಇದ್ದವು. 2020ರ ಫೆಬ್ರವರಿಯ ಒಂದು ಮಧ್ಯಾಹ್ನ ಅದನ್ನು ನಾನು ಕಣ್ಣಾರೆ ಕಂಡೆ. ಕಂಡು, ಕೈಯಲ್ಲಿದ್ದ ಹಾಳೆಯಲ್ಲಿ ‘ಮನೆಗೆ ದುರಸ್ತಿಯ ಅಗತ್ಯವಿದೆ’ ಎಂದು ಬರೆದುಕೊಂಡೆ. ಇಷ್ಟು ವರ್ಷವಾದರೂ ಆ ಸಾಲು ನನ್ನನ್ನು ಬಿಟ್ಟಿಲ್ಲ. ಅಲ್ಲಿದ್ದ ಚಿಲಕ ಎಲ್ಲಿ ಹೋಯಿತು, ಯಾರು ಕಿತ್ತರು, ಯಾಕೆ ಕಿತ್ತರು ಎಂದು ಅಂದು ಒಂದು ಮಾತು ಕೇಳಿದ್ದರೆ ಒಬ್ಬ ಹೆಣ್ಣುಮಗಳ ಬಲಗೈ ಬಹುಶಃ ಉಳಿಯುತ್ತಿತ್ತು.

ಜೈಲಿನಲ್ಲಿರುವವರ ಮನೆಮಂದಿಯ ಜೊತೆ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿ ಆಗ ನಾನಿದ್ದೆ. ಚಿತ್ರದುರ್ಗ ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ನಮ್ಮ ರಾಜ್ಯದಲ್ಲಿ ಶಿಕ್ಷೆಯಾದ ಬಂದಿಗೆ 90 ದಿನಗಳವರೆಗೆ ಪೆರೋಲ್ ಕೊಡಲು ಅವಕಾಶವಿದೆ. ಹೆತ್ತವರ ಕಾಯಿಲೆ, ಮನೆಯಲ್ಲಿ ಮದುವೆ, ಬಿತ್ತನೆ, ಬಿದ್ದ ಗೋಡೆ ಎತ್ತಿಸುವುದು, ಹೀಗೆ ಕಾರಣ ಬರೆದು ಅರ್ಜಿ ಹಾಕುತ್ತಾರೆ. ಪೊಲೀಸರ ವರದಿ ಆಗಬೇಕು, ಜಾಮೀನು ನಿಲ್ಲುವವರು ಬೇಕು, ಹೊರಗಿರುವಷ್ಟು ದಿನ ಠಾಣೆಗೆ ಹೋಗಿ ಸಹಿ ಹಾಕಬೇಕು. ಮನೆಯ ಪರಿಸ್ಥಿತಿ ಹೇಗಿದೆ, ಬಂದವನನ್ನು ಮನೆಯವರು ಸೇರಿಸಿಕೊಳ್ಳುತ್ತಾರಾ ಎಂದು ಕೆಲವು ಸಲ ನಮ್ಮಂಥವರನ್ನೂ ಕೇಳುವುದುಂಟು. ಆ ದಿನ ನಾನು ಹೋದದ್ದು ಅದಕ್ಕೇ.

ಆ ಮನೆಯ ಕಿರಿಮಗನಿಗೆ ಏಳು ವರ್ಷದ ಶಿಕ್ಷೆ. ಊರ ಜಾತ್ರೆಯಲ್ಲಿ ಕುಡಿದು ಎದ್ದ ಜಗಳದಲ್ಲಿ ಒಬ್ಬನ ಜೀವ ಹೋಗಿತ್ತು. ಐದು ವರ್ಷ ಮುಗಿಸಿದ್ದ. ಮನೆ ರಿಪೇರಿಗೆಂದು 30 ದಿನದ ಪೆರೋಲ್ ಕೇಳಿದ್ದ. ತೀರ್ಪು, ಜೈಲಿನ ನಡತೆ, ಆರೋಗ್ಯ ಎಲ್ಲವೂ ಅವನ ಕಡತದಲ್ಲಿದ್ದವು. ಹೆಂಡತಿಯ ವಿಷಯ ಮಾತ್ರ ಒಂದೇ ಕಡೆ ಬಂದಿತ್ತು, ‘ವಿವಾಹಿತ, ಒಂದು ಹೆಣ್ಣು ಮಗು’ ಎಂದು.

ಮನೆಯ ಮುಂದಿನ ಕಟ್ಟೆಯ ಮೇಲೆ ನನ್ನನ್ನು ಕೂರಿಸಿದರು. ಎದುರಿಗೆ ಅವನ ಅಣ್ಣ, ಪಕ್ಕದಲ್ಲಿ ತಾಯಿ, ಬೇಲಿಯಾಚೆ ನಾಲ್ಕು ಜನ. ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತಳು. ಎಣ್ಣೆ ಮಿಲ್ಲಿನ ಕೂಲಿಗೆ ಹೋಗಿ ಮನೆ ನಡೆಸುತ್ತಿದ್ದವಳು ಆಕೆಯೇ ಎಂದು ಅಣ್ಣ ಹೇಳಿದ. ಚೌಕಟ್ಟು ಹಿಡಿದಿದ್ದ ಅವಳ ಬೆರಳುಗಳಷ್ಟೇ ನನಗೆ ಕಾಣುತ್ತಿದ್ದವು. ‘ನಿಮ್ಮ ಯಜಮಾನರು ಬರೋದಕ್ಕೆ ನಿಮ್ಮ ಒಪ್ಪಿಗೆ ಇದೆಯಾ ತಾಯಿ?’ ಎಂದು ಗಟ್ಟಿಯಾಗಿ ಕೇಳಿದೆ. ಅತ್ತೆ ಉತ್ತರ ಕೊಟ್ಟರು: ‘ಗಂಡ ಬರ್ತಾನೆ ಅಂದ್ರೆ ಯಾವ ಹೆಂಡ್ತಿ ಬ್ಯಾಡ ಅಂತಾಳೆ ಸಾಮಿ?’ ಬಾಗಿಲ ಕಡೆ ನೋಡಿದೆ. ಬೆರಳುಗಳು ಅಲ್ಲೇ ಇದ್ದವು. ‘ಹ್ಞೂಂ’ ಎಂಬ ದನಿ ಬಂತು. ‘ಪತ್ನಿಯ ಸಮ್ಮತಿ ಇದೆ’ ಎಂದು ಬರೆದೆ.

ಆಮೇಲೆ ನಾನು ಬಹಳ ಮುಖ್ಯ ಎಂದುಕೊಂಡಿದ್ದ ಪ್ರಶ್ನೆ ಕೇಳಿದೆ: ‘ಮೊದಲು ಕುಡೀತಿದ್ರಲ್ಲ, ಈಗ ಹೇಗೆ?’ ಅಣ್ಣ ನಕ್ಕ. ‘ಐದು ವರ್ಷದಿಂದ ಒಂದು ಹನಿ ಮುಟ್ಟಿಲ್ಲ ಸಾರ್. ಜೈಲು ಅವನನ್ನ ಮನುಷ್ಯನ್ನ ಮಾಡೈತೆ.’ ನನಗೆ ಸಮಾಧಾನವಾಯಿತು. ಎದ್ದು ಮನೆ ನೋಡಲು ಒಳಗೆ ಹೋದಾಗಲೇ ಆ ಚಿಲಕವಿಲ್ಲದ ಬಾಗಿಲು ಕಂಡದ್ದು.

ಕುಡಿತದ ಪ್ರಶ್ನೆಯೊಂದನ್ನೇ ನಾನು ಅಷ್ಟು ನೆಚ್ಚಿಕೊಂಡಿದ್ದಕ್ಕೆ ಹಿನ್ನೆಲೆಯಿದೆ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಹಳ್ಳಿಯ ಹೆಂಗಸರ ಮುಖದಲ್ಲಿ ಕಂಡ ನೆಮ್ಮದಿ ನನಗೆ ನೆನಪಿದೆ. ಕೆಲವೇ ದಿನಗಳಲ್ಲಿ ಸಾರಾಯಿ ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕು ಬಂದು ಕುಳಿತದ್ದೂ ನೆನಪಿದೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೊರಟರು. ರಾಯಚೂರು ಕಡೆಯಿಂದ ಬಂದ ಎಷ್ಟೋ ಮಂದಿಯ ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಹಿರಿಯೂರಿನ ಹತ್ತಿರ ಒಂದು ದಿನ ನಾನೂ ಅವರ ಜೊತೆ ಹೆಜ್ಜೆ ಹಾಕಿದೆ. ‘ಕುಡುದು ಬಂದು ಹೊಡೀತಾನೆ’ ಎಂಬ ಒಂದೇ ಮಾತನ್ನು ಆ ದಿನ ನೂರು ಬಾಯಿಂದ ಕೇಳಿದೆ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಾನು ಅದನ್ನು ತಿರುವುಮುರುವು ಮಾಡಿಕೊಂಡೆ: ಕುಡಿಯದಿದ್ದರೆ ಹೊಡೆಯುವುದಿಲ್ಲ. ಆ ಹೆಂಗಸರು ಹಾಗೆ ಹೇಳಿರಲೇ ಇಲ್ಲ.

ಮಾರ್ಚ್ ಮೂರನೇ ವಾರ ಅವನು ಊರಿಗೆ ಬಂದ. ನಾಲ್ಕೈದು ದಿನಕ್ಕೆ ಇಡೀ ದೇಶ ಬಾಗಿಲು ಹಾಕಿಕೊಂಡಿತು. ಜೈಲುಗಳಲ್ಲಿ ಜನ ಕಿಕ್ಕಿರಿದರೆ ಸೋಂಕು ಹರಡುತ್ತದೆಂದು ಸುಪ್ರೀಂ ಕೋರ್ಟು ಮಾರ್ಚ್ 23ರಂದು ರಾಜ್ಯಗಳಿಗೆ ಉನ್ನತಾಧಿಕಾರ ಸಮಿತಿ ರಚಿಸಿ ಬಂದಿಗಳನ್ನು ಪೆರೋಲ್, ಮಧ್ಯಂತರ ಜಾಮೀನಿನ ಮೇಲೆ ಬಿಡುವ ಬಗ್ಗೆ ತೀರ್ಮಾನಿಸಲು ಹೇಳಿತು. ಆಗಲೇ ಹೊರಗಿದ್ದವರ ಅವಧಿ ಮುಂದಕ್ಕೆ ಹೋಯಿತು. ಅವನ 30 ದಿನವೂ ಬೆಳೆಯಿತು. ಮದ್ಯದಂಗಡಿಗಳಿಗೆ ಬೀಗ ಬಿತ್ತು. ಕಳ್ಳಭಟ್ಟಿ ಹುಡುಕಿ ಹೋಗಿ ಸಿಕ್ಕಿಬಿದ್ದರೆ ಮತ್ತೆ ಜೈಲೇ ಗತಿ ಎಂಬ ಭಯ ಅವನಿಗಿತ್ತು.

ಊರಿಗೆ ಹೋಗುವಂತಿರಲಿಲ್ಲ, ಹಾಗಾಗಿ ವಾರಕ್ಕೊಮ್ಮೆ ಆಕೆಗೆ ಫೋನು ಮಾಡುತ್ತಿದ್ದೆ. ‘ಕುಡೀತಿದಾರಾ?’ ‘ಇಲ್ಲ ಸಾರ್.’ ‘ಮನೆಲೇ ಇರ್ತಾರಾ?’ ‘ಮನೆಲೇ ಇರ್ತಾರೆ ಸಾರ್.’ ಒಂದು ದಿನ ಅತ್ತೆ ಫೋನು ಇಸಿದುಕೊಂಡು ಹಿಗ್ಗಿನಿಂದ ಹೇಳಿದರು: ‘ಬಂದ ದಿನವೇ ಒಳಗಿನ ಬಾಗಿಲಿಗೆ ಹೊಸ ಚಿಲಕ ಹಾಕ್ಯಾನೆ ಸಾಮಿ. ಮನೆ ಮ್ಯಾಲೆ ಜವಾಬ್ದಾರಿ ಬಂದೈತೆ.’ ನಾನು ಅದನ್ನೂ ಬರೆದುಕೊಂಡೆ: ‘ಮನೆ ದುರಸ್ತಿ ಆರಂಭಿಸಿದ್ದಾರೆ. ಮದ್ಯಪಾನ ಇಲ್ಲ. ಪ್ರಗತಿ ತೃಪ್ತಿಕರ.’ ಲಾಕ್‌ಡೌನಿನಲ್ಲಿ ಮಹಿಳಾ ಆಯೋಗಕ್ಕೆ ಕೌಟುಂಬಿಕ ದೌರ್ಜನ್ಯದ ದೂರುಗಳು ಹೆಚ್ಚಿವೆ ಎಂದು ಅದೇ ದಿನಗಳಲ್ಲಿ ಪತ್ರಿಕೆಯಲ್ಲಿ ಓದಿದ್ದೆ. ಹೆಂಡದಂಗಡಿ ಮುಚ್ಚಿರುವಾಗ ದೂರು ಹೆಚ್ಚುವುದು ಹೇಗೆ ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆಯಲಿಲ್ಲ.

ಮೇ 4ರಂದು ಅಂಗಡಿಗಳು ತೆರೆದವು. ಅದು ಸೋಮವಾರ, ಅವನು ಠಾಣೆಯಲ್ಲಿ ಸಹಿ ಹಾಕುವ ದಿನ. ಅಂಗಡಿಗಳ ಮುಂದೆ ನೆಲದ ಮೇಲೆ ಬರೆದ ಸುಣ್ಣದ ವೃತ್ತಗಳು, ಬೆಳಿಗ್ಗೆಯಿಂದಲೇ ನಿಂತ ಜನ, ಕೆಲವು ಕಡೆ ಬಾಗಿಲಿಗೆ ಪೂಜೆ, ಇವನ್ನೆಲ್ಲ ಟಿ.ವಿ.ಯಲ್ಲಿ ನಾವೆಲ್ಲ ನೋಡಿದೆವು. ಆ ಒಂದೇ ದಿನ ರಾಜ್ಯದಲ್ಲಿ ಸುಮಾರು 45 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. ಅವನು ಸಹಿ ಹಾಕಿ, ಪೊಲೀಸರಿಗೆ ಕೈಮುಗಿದು, ಹೊರಗೆ ಬಂದು ಸಾಲಿನಲ್ಲಿ ನಿಂತ. ರಾತ್ರಿ ಊಟದ ಹೊತ್ತಿಗೆ ಮನೆಗೆ ಬಂದ. ಒಳಕೋಣೆಯ ಹೊಸ ಚಿಲಕ ಹಾಕಿಕೊಂಡ.

ಹತ್ತು ವರ್ಷದ ಮಗಳು ಹಿತ್ತಿಲ ಗೋಡೆ ಹಾರಿ ಆಶಾ ಕಾರ್ಯಕರ್ತೆಯ ಮನೆಗೆ ಓಡಿದಳು. ಆಕೆ ನಾಲ್ಕು ಜನರನ್ನು ಕರೆದುಕೊಂಡು ಬಂದು ಬಾಗಿಲು ಒಡೆಸಿ 108ಕ್ಕೆ ಫೋನು ಮಾಡಿದರು. ತಲೆಗೆ ಬೀಳಬೇಕಿದ್ದ ಏಟಿಗೆ ಕೈ ಅಡ್ಡ ಕೊಟ್ಟಿದ್ದರಿಂದ ಹೆಂಡತಿಯ ಮಣಿಕಟ್ಟಿನ ಮೇಲೆ ಎಲುಬು ಮುರಿದಿತ್ತು.

ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಆಕೆಯ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಕಣ್ಣಿನ ಕೆಳಗೆ ಒಂದು ಕಲೆ ಹಳೆಯದಾಗಿ ಹಳದಿಗೆ ತಿರುಗಿತ್ತು. ಅದು ಸೋಮವಾರದ ಏಟಿನದಲ್ಲ, ಅದಕ್ಕೂ ಮೊದಲಿನದು ಎಂದು ಯಾರಿಗಾದರೂ ತಿಳಿಯುತ್ತಿತ್ತು. ‘ಯಾಕಮ್ಮ ಫೋನಿನಲ್ಲಿ ಹೇಳಲಿಲ್ಲ?’ ಎಂದೆ. ಆಕೆ ಸಿಟ್ಟು ಮಾಡಲಿಲ್ಲ. ‘ನೀವು ಕುಡಿಯೋದು ಕೇಳಿದ್ರಿ ಸಾರ್, ಇದ್ದದ್ದು ಹೇಳಿದೆ. ಹೊಡಿಯೋದು ಕೇಳ್ಲಿಲ್ಲ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಕೇಳಿದ್ರೂ ಹೇಳೋಕೆ ಆಗ್ತಿರಲಿಲ್ಲ. ಫೋನು ಸ್ಪೀಕರಿಗೆ ಹಾಕ್ಕೊಂಡು ಅವರೇ ಹಿಡ್ಕೊಂಡಿರೋರು’ ಎಂದಳು.

ಉಳಿದದ್ದನ್ನು ಆಕೆ ಬಿಡಿಬಿಡಿಯಾಗಿ ಹೇಳಿದಳು. ಮದುವೆಯಾದ ಎರಡನೇ ವರ್ಷದಿಂದಲೂ ಹೊಡೆತ ಇತ್ತು. ಕುಡಿದಾಗ ಜಾಸ್ತಿ, ಕುಡಿಯದಾಗ ಕಡಿಮೆ, ಇಲ್ಲ ಎಂಬುದು ಮಾತ್ರ ಇರಲಿಲ್ಲ. ಹೊಡೆಯುವ ಮುಂಚೆ ಅವನು ಚಿಲಕ ಹಾಕುತ್ತಿದ್ದ. ಅವನು ಜೈಲಿಗೆ ಹೋದ ವಾರ ಆಕೆ ತಾನೇ ಸ್ಕ್ರೂ ಬಿಚ್ಚಿ ಚಿಲಕವನ್ನು ಬಾವಿಗೆ ಎಸೆದಿದ್ದಳು. ಐದು ವರ್ಷ ಬಿಟ್ಟು ಬಂದವನ ಕಣ್ಣಿಗೆ ಮನೆಯಲ್ಲಿ ಮೊದಲು ಬಿದ್ದದ್ದು ಆ ನಾಲ್ಕು ತೂತು. ಆಮೇಲೆ ಆಕೆಯ ಫೋನು. ‘ಸ್ತ್ರೀಶಕ್ತಿ ಗುಂಪಿನ ಮೀಟಿಂಗಿಗೆ ಬೇಕು ಅಂತ ತಗೊಂಡಿದ್ದೆ. ದಿನಾ ರಾತ್ರಿ ಬಾಗಿಲು ಹಾಕಿ ಒಂದೊಂದೇ ನಂಬರು ತೋರಿಸಿ ಇದು ಯಾರ್ದು, ಇದು ಯಾರ್ದು ಅನ್ನೋರು.’ ಮದ್ಯದಂಗಡಿಗಳಿಗೆ ಬೀಗ ಬಿದ್ದಿದ್ದ ಸುಮಾರು ನಲವತ್ತು ದಿನ, ನಾನು ‘ತೃಪ್ತಿಕರ’ ಎಂದು ಬರೆದ ಅಷ್ಟೂ ದಿನ, ಆ ಕೋಣೆಯಲ್ಲಿ ನಡೆಯುತ್ತಿದ್ದದ್ದು ಇದು.

ಅಂದು ರಾತ್ರಿ ನನ್ನ ಕಡತ ತೆರೆದು ಕುಳಿತೆ. ಎಲ್ಲ ಹಾಳೆಗಳಲ್ಲೂ ಕುಡಿತದ ವಿಚಾರವಿತ್ತು. ‘ಹೊಡೆತ’ ಎಂಬ ಪದ ಒಂದೇ ಒಂದು ಕಡೆಯೂ ಇರಲಿಲ್ಲ. ಕುಡಿತದ ಬಗ್ಗೆ ಕೇಳುವುದು ಸುಲಭ. ಅಣ್ಣನೂ ಉತ್ತರ ಕೊಡುತ್ತಾನೆ, ತಾಯಿಯೂ ಕೊಡುತ್ತಾಳೆ, ಯಾರ ಮಾನವೂ ಹೋಗುವುದಿಲ್ಲ. ‘ಹೆಂಡ ಅವನ ಕೈಲಿ ಹಾಗೆ ಮಾಡಿಸಿತು’ ಎಂದುಬಿಟ್ಟರೆ ಹೊಡೆದವನಿಗೂ ಹಗುರ, ಮನೆಯವರಿಗೂ ಹಗುರ, ಕೇಳಲು ಬಂದ ನನಗೂ ಹಗುರ. ಹೊಡೆತದ ಬಗ್ಗೆ ಕೇಳಬೇಕೆಂದರೆ ಕಟ್ಟೆಯಿಂದ ಎದ್ದು, ಬಾಗಿಲ ಮರೆಯ ಆ ಬೆರಳುಗಳ ಹತ್ತಿರ ಹೋಗಬೇಕಿತ್ತು. ನನ್ನ ಜೊತೆ ಒಬ್ಬ ಹೆಣ್ಣುಮಗಳು ಇರಬೇಕಿತ್ತು. ಆ ಕಷ್ಟ ನಾನು ತೆಗೆದುಕೊಳ್ಳಲಿಲ್ಲ.

ಮುಂದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ಬಂದಾಗ ಅವನ್ನು ಮನಸ್ಸಿಟ್ಟು ಓದಿದೆ. ಗಂಡ ಪದೇ ಪದೇ ಕುಡಿದು ಅಮಲೇರುವ ಹೆಂಗಸರಲ್ಲಿ ನೂರಕ್ಕೆ 70 ಮಂದಿ ಅವನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದರು. ಕುಡಿಯದ ಗಂಡಂದಿರ ಹೆಂಡತಿಯರಲ್ಲಿ ಆ ಲೆಕ್ಕ 23. ಹಳೆಯ ನಾನಾಗಿದ್ದರೆ 70ರ ಅಂಕಿಯನ್ನು ಭಾಷಣದಲ್ಲಿ ಬಳಸಿ ಸುಮ್ಮನಾಗುತ್ತಿದ್ದೆ. ಈಗ 23ರ ಮುಂದೆ ನಿಂತುಬಿಟ್ಟೆ. ಹೆಂಡದ ಹನಿಯೂ ಮುಟ್ಟದ ಗಂಡಂದಿರ ಮನೆಗಳಲ್ಲೂ ನೂರಕ್ಕೆ 23. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಕಂಡವರು, ದೇಶದಲ್ಲೇ ಅತಿ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ಅದು ಸುಮಾರು 21 ಇತ್ತು. ಇಷ್ಟೊಂದು ಮನೆಗಳ ಕತೆಯನ್ನು ಬಾಟಲಿಯೊಂದರ ತಲೆಗೆ ಕಟ್ಟಲಾಗದು.

ಹಾಗೆಂದು ಕುಡಿತಕ್ಕೂ ಹಿಂಸೆಗೂ ನಂಟಿಲ್ಲವೆಂದು ನಾನು ಹೇಳುತ್ತಿಲ್ಲ. 23ಕ್ಕೂ 70ಕ್ಕೂ ನಡುವಿನ ಅಂತರವೇ ಆ ನಂಟು. ಮದ್ಯ ಮಿದುಳಿನ ಬ್ರೇಕು ಸಡಿಲಿಸುತ್ತದೆ. ಎದುರಿನವಳ ಸುಸ್ತಾದ ಮುಖ ಅವನಿಗೆ ತಿರಸ್ಕಾರದಂತೆ ಕಾಣುತ್ತದೆ. ಬಹಳ ಕಾಲ ಕುಡಿದವರಲ್ಲಿ ಹೆಂಡತಿಯ ಶೀಲದ ಬಗ್ಗೆ ಸಂಶಯ ರೋಗದಂತೆ ಬೆಳೆಯುವುದನ್ನು ಮನೋವೈದ್ಯರು ಬಲ್ಲರು. ವರ್ಷಗಟ್ಟಲೆ ದೂರವಿದ್ದು ಬಂದವನಲ್ಲಿ ಆ ಸಂಶಯಕ್ಕೆ ನೆಲ ಹದವಾಗಿಯೇ ಇರುತ್ತದೆ. ಅವನಿಲ್ಲದೆ ಮನೆ ನಡೆದಿದೆ, ಹೆಂಡತಿ ದುಡಿಯುತ್ತಿದ್ದಾಳೆ, ಮಗಳು ಅಪ್ಪನೆಂದರೆ ಹಿಂದೆ ಸರಿಯುತ್ತಾಳೆ. ತನ್ನ ಮನೆಯಲ್ಲಿ ತಾನೇ ನೆಂಟನಾದವನು ಯಜಮಾನಿಕೆಯನ್ನು ಕೈಬಲದಿಂದ ವಾಪಸು ಪಡೆಯಲು ಹೊರಡುತ್ತಾನೆ. ಜೊತೆಗೆ, ವರ್ಷಗಟ್ಟಲೆ ಕುಡಿಯದ ದೇಹ ಹಳೆಯ ಅಳತೆಯನ್ನು ತಡೆಯುವುದಿಲ್ಲ. ಅಷ್ಟೇ ಕುಡಿದರೂ ಅಮಲು ಜಾಸ್ತಿ ಏರುತ್ತದೆ.

‘ಜೈಲು ಅವನನ್ನು ಮನುಷ್ಯನನ್ನಾಗಿ ಮಾಡಿದೆ’ ಎಂಬ ಮಾತನ್ನು ನಾನು ನಂಬಿದ್ದು ಇನ್ನೊಂದು ತಪ್ಪು. ಗೋಡೆ ಕುಡಿಯಲು ಬಿಡದಿರುವುದು ಬೇರೆ, ಚಟ ವಾಸಿಯಾಗುವುದು ಬೇರೆ. ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದ್ದರು. ನೂರಕ್ಕೆ 79.6 ಮಂದಿಯಲ್ಲಿ ಮಾನಸಿಕ ಕಾಯಿಲೆಯೋ ವ್ಯಸನದ ಸಮಸ್ಯೆಯೋ ಇತ್ತು. ವ್ಯಸನವನ್ನು ಬಿಟ್ಟು ಎಣಿಸಿದರೆ ಆ ಸಂಖ್ಯೆ 27.6ಕ್ಕೆ ಇಳಿಯುತ್ತಿತ್ತು. ಅಂದರೆ ಜೈಲಿನ ಬಾಗಿಲಿಂದ ಹೊರಗೆ ಬರುವವರಲ್ಲಿ ಬಹಳ ಮಂದಿಯ ಜೊತೆ ಚಟವೂ ಪೆರೋಲಿನ ಮೇಲೆ ಬರುತ್ತದೆ. ಆ ವರದಿಯನ್ನು ನಾನು ಮೊದಲೇ ಓದಿದ್ದೆ. ಆ ಹಳ್ಳಿಯ ಕಟ್ಟೆಯ ಮೇಲೆ ಅದು ನೆನಪಿಗೆ ಬರಲಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಆ ಚಿಲಕ. ಮೇ 4ರಂದು ಅವನು ಠಾಣೆಯಲ್ಲಿ ಯಾರ ಮೇಲೂ ಕೈ ಎತ್ತಲಿಲ್ಲ. ಕುಡಿದ ಮೇಲೆಯೂ ಅಂಗಡಿಯವನ ಮೇಲೆ ಎತ್ತಲಿಲ್ಲ, ದಾರಿಯಲ್ಲಿ ಸಿಕ್ಕ ಅಣ್ಣನ ಮೇಲೆ ಎತ್ತಲಿಲ್ಲ. ಮನೆಗೆ ಬಂದು, ಒಳಕೋಣೆಗೆ ಹೋಗಿ, ಚಿಲಕ ಹಾಕಿ, ಆಮೇಲೆ ಹೊಡೆದ. ಮೈಮೇಲೆ ಪ್ರಜ್ಞೆ ಇಲ್ಲದವನು ಮೊದಲು ಚಿಲಕ ಹಾಕುವುದಿಲ್ಲ. ಯಾರಿಗೆ ಹೊಡೆಯಬಹುದು, ಎಲ್ಲಿ ಹೊಡೆದರೆ ಕೇಳುವವರಿಲ್ಲ ಎಂಬ ಎಣಿಕೆ ಅವನೊಳಗೆ ಕುಡಿತಕ್ಕಿಂತ ಮುಂಚಿನಿಂದ ಇತ್ತು. ಹೆಂಡ ಏಟಿನ ಭಾರ ಹೆಚ್ಚಿಸಿತು. ಚಿಲಕ ಹಾಕಿದ್ದು ಅವನೇ.

ಆಕೆಯ ಮೌನವನ್ನೂ ನಾನು ಆಗ ಅರ್ಥ ಮಾಡಿಕೊಂಡೆ. ಅವನಿಗೆ ಜಾಮೀನು ನಿಂತಿದ್ದು ಅಣ್ಣ, ಎರಡು ಎಕರೆ ಹೊಲದ ಪಹಣಿ ಕೊಟ್ಟು. ಆಕೆ ಬಾಯಿಬಿಟ್ಟರೆ ಪೆರೋಲ್ ರದ್ದಾಗುತ್ತಿತ್ತು, ಅಣ್ಣನ ಹೊಲಕ್ಕೆ ತೊಂದರೆಯಾಗುತ್ತದೆಂಬ ಹೆದರಿಕೆ ಮನೆಯಲ್ಲಿ ಎಲ್ಲರಿಗೂ ಇತ್ತು, ‘ಗಂಡನನ್ನು ಮತ್ತೆ ಜೈಲಿಗೆ ಕಳಿಸಿದವಳು’ ಎಂಬ ಹೆಸರು ಆಕೆಗೆ ಅಂಟುತ್ತಿತ್ತು. ಅವನು ವಾಪಸು ಹೋದ ಮೇಲೂ ಆಕೆ ಅದೇ ಅತ್ತೆಯ ಜೊತೆ, ಅದೇ ಓಣಿಯಲ್ಲಿ ಬಾಳಬೇಕು. ಇಷ್ಟು ಭಾರವನ್ನು ತಲೆ ಮೇಲೆ ಹೊತ್ತವಳಿಂದ ನಾನು ಬಾಗಿಲಾಚೆಯಿಂದ ಒಂದು ‘ಹ್ಞೂಂ’ ಪಡೆದು ಅದನ್ನು ಸಮ್ಮತಿ ಎಂದು ಕರೆದಿದ್ದೆ.

ಆ ಘಟನೆಯ ಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಮನೆ ವಿಚಾರಣೆಗೆ ಒಬ್ಬನೇ ಹೋಗುವುದನ್ನು ನಿಲ್ಲಿಸಿದೆ. ನಾನು ಕಟ್ಟೆಯ ಮೇಲೆ ಗಂಡಸರ ಜೊತೆ ಮಾತಾಡುತ್ತಿರುವಾಗ ಮಹಿಳಾ ಸಹೋದ್ಯೋಗಿ ನೀರಿನ ನಲ್ಲಿಯ ಹತ್ತಿರವೋ ಅಂಗನವಾಡಿಯಲ್ಲೋ ಹೆಂಡತಿಯನ್ನು ಒಂಟಿಯಾಗಿ ಕಾಣುತ್ತಾರೆ. ‘ಕುಡೀತಿದ್ದರಾ?’ ಎಂಬುದನ್ನು ಕೇಳುತ್ತೇವೆ. ಜೊತೆಗೆ ‘ಕುಡಿಯದೇ ಇದ್ದಾಗ ಹೊಡೆದಿದ್ದರಾ? ಅವರು ಬಂದರೆ ನಿಮಗೆ ಭಯವಾಗುತ್ತಾ? ಫೋನು ಯಾರ ಕೈಯಲ್ಲಿರುತ್ತೆ?’ ಎಂದೂ ಕೇಳುತ್ತೇವೆ. ಆಶಾ ಕಾರ್ಯಕರ್ತೆಯನ್ನು ಮಾತಾಡಿಸದೆ ವರದಿ ಮುಗಿಸುವುದಿಲ್ಲ. ಊರಿನ ಯಾವ ಮನೆಯಲ್ಲಿ ಏನು ನಡೆಯುತ್ತದೆಂದು ಅವರಿಗೆ ಗೊತ್ತಿರುತ್ತದೆ, ಕೇಳುವವರು ಬೇಕಷ್ಟೆ. ಫೋನಿನಲ್ಲಿ ಮಾತಾಡುವಾಗ ಒಂದು ಗುರುತಿನ ಮಾತು ಇಟ್ಟುಕೊಳ್ಳುತ್ತೇವೆ. ‘ರೇಷನ್ ಬಂದಿಲ್ಲ’ ಎಂದು ಆಕೆ ಹೇಳಿದರೆ ‘ಪಕ್ಕದಲ್ಲೇ ಇದ್ದಾನೆ, ನೆರವು ಬೇಕು’ ಎಂದರ್ಥ.

ಅವನು ಬರುವ ಮುಂಚೆಯೇ ಆಕೆಗೆ ದಾರಿಗಳನ್ನು ತೋರಿಸುತ್ತೇವೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಪೊಲೀಸ್ ಕೇಸು ಹಾಕದೆಯೇ ರಕ್ಷಣಾ ಆದೇಶ ಕೇಳಬಹುದು, ಇರುವ ಮನೆಯಲ್ಲೇ ಇರುವ ಹಕ್ಕು ಕೇಳಬಹುದು. ನಮ್ಮಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. 181ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಇತ್ತ ಅವನ ಚಟಕ್ಕೆ ಚಿಕಿತ್ಸೆಯೂ ಜೈಲಿನೊಳಗೇ ಶುರುವಾಗಬೇಕು, ಹೊರಗೆ ಬಂದ ವಾರದಲ್ಲೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿ ಮುಂದುವರಿಯಬೇಕು ಎಂದು ಪಟ್ಟು ಹಿಡಿಯುತ್ತೇವೆ. ಔಷಧಿಯಿಂದ ಕುಡಿತ ಹತೋಟಿಗೆ ಬರುತ್ತದೆ. ಹೆಂಡತಿ ತನ್ನ ಸ್ವತ್ತು ಎಂಬ ಭಾವಕ್ಕೆ ಔಷಧಿಯಿಲ್ಲ. ಅದಕ್ಕೆ ಬೇರೆ ಮಾತುಕತೆ, ಬೇರೆ ಕಾವಲು ಬೇಕು. ಒಂದನ್ನು ಮಾಡಿ ಇನ್ನೊಂದು ತಾನಾಗಿ ಆಗುತ್ತದೆಂದು ಕೂರುವಂತಿಲ್ಲ.

ಪೆರೋಲೇ ಬೇಡ ಎಂದು ಯಾರಾದರೂ ಇದರಿಂದ ತೀರ್ಮಾನಿಸಿದರೆ ನನಗೆ ದುಃಖವಾಗುತ್ತದೆ. ಸಾಯುವ ತಾಯಿಯ ಬಾಯಿಗೆ ನೀರು ಬಿಡಲು, ಮಗಳ ಧಾರೆಗೆ ನಿಲ್ಲಲು, ಮಳೆ ಬಿದ್ದಾಗ ಹೊಲ ಬಿತ್ತಲು ಬಂದು, ದಿನಕ್ಕೆ ಸರಿಯಾಗಿ ವಾಪಸು ಹೋದವರನ್ನು ನಾನು ಕಂಡಿದ್ದೇನೆ. ಆ ಬಾಗಿಲು ತೆರೆದೇ ಇರಬೇಕು. ಅದು ಯಾರ ಮನೆಯೊಳಕ್ಕೆ ತೆರೆಯುತ್ತದೆ ಎಂದು ಆ ಮನೆಯವಳನ್ನು ಕೇಳಬೇಕು, ಇಷ್ಟೇ ನನ್ನ ಮಾತು.

ಅವನ ಪೆರೋಲ್ ರದ್ದಾಯಿತು. ಆಕೆ ರಕ್ಷಣಾ ಆದೇಶ ಪಡೆದು ಮಗಳೊಂದಿಗೆ ತವರಿನ ಹತ್ತಿರ ಮನೆ ಮಾಡಿದಳು. ಮುರಿದ ಕೈಯಲ್ಲಿ ಭಾರದ ಮೂಟೆ ಎತ್ತಲಾಗದೆ ಮಿಲ್ಲಿನ ಕೆಲಸ ಬಿಟ್ಟು ಹೊಲಿಗೆ ಕಲಿತಳು. ಶಿಕ್ಷೆ ಮುಗಿಸಿ ಬಂದ ಮೇಲೆ ಅವನು ಚಿಕಿತ್ಸೆಗೆ ಸೇರಿದ. ಕಳೆದ ಸಲ ನಾನು ಕಂಡಾಗ ಏಳು ತಿಂಗಳಿಂದ ಕುಡಿದಿರಲಿಲ್ಲ. ಮುಖ ತಿಳಿಯಾಗಿತ್ತು, ಕೈ ನಡುಗುತ್ತಿರಲಿಲ್ಲ. ‘ಬಿಟ್ಟಿದೀನಿ ಸಾರ್. ನೀವು ಹೇಳಿದ್ರೆ ಕೇಳ್ತಾಳೆ. ಬರೋಕೆ ಹೇಳಿ’ ಎಂದ.

ಹಿಂದಿನ ನಾನಾಗಿದ್ದರೆ ಅಂದೇ ಸಂಜೆ ಬಸ್ಸು ಹತ್ತಿ ಆ ಶುಭ ಸುದ್ದಿಯನ್ನು ಹೊತ್ತುಕೊಂಡು ಹೋಗುತ್ತಿದ್ದೆ. ಈ ಸಲ ಅವನ ಪಕ್ಕ ಕಟ್ಟೆಯ ಮೇಲೆ ಕುಳಿತೆ. ‘ಕುಡಿಯೋದು ಬಿಟ್ಟಿದ್ದೀಯ, ಸಂತೋಷ. ಆ ಚಿಲಕ ಯಾಕೆ ಹಾಕಿದ್ದೆ, ಅದನ್ನ ಹೇಳು’ ಎಂದೆ. ಅವನು ಬಹಳ ಹೊತ್ತು ನೆಲ ನೋಡಿದ. ಉತ್ತರ ಬರಲಿಲ್ಲ. ಬಂದ ದಿನ ಮತ್ತೆ ಮಾತಾಡೋಣ ಎಂದು ಎದ್ದೆ. ಅವನ ಮಾತನ್ನು ಆಕೆಯ ಮನೆಗೆ ನಾನು ಒಯ್ಯಲಿಲ್ಲ.